ಶನಿವಾರದ ಬಸ್ಸು

ಸೊರಬದ ನಮ್ಮ ಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುವ ಹೇಮಲತಾ ಟೀಚರ್ ಕುರ್ಚಿಯಲ್ಲಿ ಕೂತಿದ್ದನ್ನು ಕಂಡವರಿಲ್ಲ. ಒಂದು ಕಣ್ಣು ಮಕ್ಕಳ ಮೇಲೆ, ಇನ್ನೊಂದು ವಾಚಿನ ಮೇಲೆ. ಕಿಟಕಿಗೂ ಬಾಗಿಲಿಗೂ ಓಡಾಡುತ್ತಲೇ ಪಾಠ. ಹಕ್ಕುಗಳ ಅಧ್ಯಾಯ ಬಂದರೆ ಬೆಂಚು ಕುಟ್ಟುತ್ತಾರೆ: "ನಿಮಗೆ ಪ್ರೀತಿಯ ಸ್ವಾತಂತ್ರ್ಯ ಒಂದು ಬರೀರಿ. ಪುಸ್ತಕದ್ದು ಬ್ಯಾಡ, ನಿಮ್ದು!" ಯಾರಾದರೂ 'ವಾಕ್ ಸ್ವಾತಂತ್ರ್ಯ' ಎಂದು ಬರೆದರೆ ಅಡ್ಡಗೆರೆ ಬಿತ್ತೆಂದೇ ಲೆಕ್ಕ. 'ಕೆರೆ ಏರಿ ಮೇಲೆ ಸುತ್ತಾಕ್ಕೊಂಡು ಮನೆಗೆ ಹೋಗೋದು' ಎಂದು ಆತಿಫಾ ಬರೆದದ್ದನ್ನು ಮಾತ್ರ ಇಡೀ ತರಗತಿಗೆ ಎರಡು ಸಲ ಓದಿ ಹೇಳಿದರು. ಅಷ್ಟರಲ್ಲಿ ಶಿಕಾರಿಪುರದಿಂದ ಗಂಡನ ಫೋನು. "ಹೊರಟೆ ರೀ, ಹೊರಟೆ" ಎಂದರು. ಪಾಠ ಇನ್ನೂ ಅರ್ಧ ಬಾಕಿಯಿತ್ತು. "ನಿಮ್ದು ಯಾವ್ದು ಟೀಚರ್?" ಎಂದು ಆತಿಫಾ ಕೇಳಿದ್ದಕ್ಕೆ, "ಬೆಲ್ ಆಯ್ತು, ಏಳ್ರಿ" ಎಂದುಬಿಟ್ಟರು. ಬೆಲ್ ಆಗಿರಲೇ ಇಲ್ಲ. ಆದರೆ ಅರ್ಧ ದಿನದ ಶಾಲೆ ಮುಗಿದ ಶನಿವಾರ ಅವರನ್ನು ಬಸ್ ಸ್ಟ್ಯಾಂಡಿನಲ್ಲಿ ನೋಡಬೇಕು. ಶಿಕಾರಿಪುರದ ಬಸ್ಸು ಎದುರಿಗೇ ನಿಂತಿರುತ್ತದೆ. ಕಂಡಕ್ಟರನ ಕೂಗು ಕೇಳದಂತೆ ಫೋನಿಗೆ ಸೆರಗು ಅಡ್ಡ ಹಿಡಿದು, "ಬಸ್ಸು ತಪ್ಪೋಯ್ತು ರೀ, ಮುಂದಿನದಕ್ಕೆ ಬರ್ತೀನಿ" ಎನ್ನುತ್ತಾರೆ. ಆಮೇಲೆ ವಾಚು ಬಿಚ್ಚಿ ಬ್ಯಾಗಿಗೆ ಹಾಕಿ, ಕಲ್ಲುಬೆಂಚಿನ ಮೇಲೆ ಕಾಲು ಚಾಚಿ ಕೂರುತ್ತಾರೆ.