ಸೈಕಲ್ ದಾರಿಯ ಮಹದೇವಮ್ಮ

ಹೊಲಿಗೆಯವರ ಹಳದಿ ಟೇಪು ಮಹದೇವಮ್ಮನವರ ಕೊರಳಲ್ಲಿ ಸದಾ ನೇತಾಡುತ್ತಿತ್ತು. ಸೈಕಲ್ ತುಳಿಯುವಾಗ ಅದರ ಎರಡೂ ತುದಿಗಳನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದರು. ಐವತ್ತು ದಾಟಿದ, ಕುಳ್ಳನೆಯ, ಗಟ್ಟಿ ದನಿಯ ಹೆಂಗಸು. ಶ್ರೀರಾಂಪುರದ ಮನೆಯಿಂದ ಊರೊಳಗಿನ ಹೊಲಿಗೆ ಅಂಗಡಿಗೆ ಇಪ್ಪತ್ತು ವರ್ಷ ಸೈಕಲ್ಲಿನಲ್ಲೇ ಹೋಗಿ ಬಂದವರು. ಆ ಟೇಪಿನಲ್ಲಿ ಅವರು ರಸ್ತೆಯನ್ನೂ ಅಳೆದಿದ್ದರು.

ಆ ರಸ್ತೆ ನಮ್ಮ ಕಚೇರಿಯದು. ನಾನು ಅಲ್ಲಿ ಕಿರಿಯ ಎಂಜಿನಿಯರ್. ರಸ್ತೆ ಅಗಲ ಮಾಡುವಾಗ ಎಡ ಅಂಚಿನಲ್ಲಿ ಸೈಕಲ್ಲಿಗೆಂದು ಒಂದು ದಾರಿ ಇಟ್ಟಿದ್ದೆವು. ನಕ್ಷೆ ಬರೆದವನು ನಾನೇ. ನಕ್ಷೆಯಲ್ಲಿ ಅದು ಆರಡಿ ಅಗಲ, ಬೇರೆ ಗಾಡಿಗಳು ಒಳಗೆ ನುಗ್ಗದಂತೆ ಉದ್ದಕ್ಕೂ ಕಲ್ಲಿನ ಅಂಚು. ನೆಲದ ಮೇಲೆ ಉಳಿದದ್ದು ಬರೀ ಬಿಳಿ ಗೆರೆ. ತಿಂಗಳೊಳಗೆ ಗೆರೆಯ ಒಳಗೆ ಕಾರುಗಳು ಬಂದು ನಿಂತವು, ಕಾರುಗಳ ನಡುವೆ ಗೋಬಿ ಗಾಡಿ, ಎಳನೀರಿನ ರಾಶಿ.

ಮಹದೇವಮ್ಮ ಮೊದಲ ಸಲ ನನ್ನ ಮೇಜಿನ ಮುಂದೆ ನಿಂತದ್ದು ಜಯಾಳ ಕಾಲು ಹೋದ ಮೇಲೆ. ಜಯಾ ಅದೇ ಅಂಗಡಿಯವಳು, ಅದೇ ಬೀದಿಯವಳು. ದಿನಾ ಇವರ ಹಿಂದೆಯೇ ಸೈಕಲ್ ತುಳಿಯುತ್ತಿದ್ದವಳು. ನಿಂತ ಕಾರನ್ನು ಬಳಸಿ ಹೋಗಲು ಗೆರೆಯಾಚೆ ಬಂದಾಗ ಹಿಂದಿನಿಂದ ಬಸ್ಸು ತಗುಲಿತ್ತು. ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು.

"ಅಳ್ದು ನೋಡ್ದೆ ಸಾರ್," ಎಂದರು ಮಹದೇವಮ್ಮ. "ನೀವು ಆರಡಿ ಅಂತೀರ. ಕಾರು ನಿಂತ್ಮೇಲೆ ನಮಗೆ ಮಿಕ್ಕೋದು ಒಂದಡಿ. ರವಿಕೆ ತೋಳು ಅರ್ಧ ಇಂಚು ಬಿಗಿಯಾದ್ರೆ ಗಿರಾಕಿ ತಂದು ನನ್ ಮುಖಕ್ಕೆ ಎಸೀತಾಳೆ. ಇದನ್ನ ನಾನು ಯಾರ ಮುಖಕ್ಕೆ ಎಸೀಲಿ?"

ಗುಂಡು ಅಕ್ಷರದ ಅರ್ಜಿ ಕೊಟ್ಟರು. ಒಂದೇ ಕೋರಿಕೆ: ನಕ್ಷೆಯಲ್ಲಿರುವಂತೆ ಕಲ್ಲು ಹಾಕಿ. ನನ್ನ ಮೇಲಧಿಕಾರಿ ಅದನ್ನು ಓದಿ, "ನೋಡ್ರೀ, ಕಲ್ಲು ಹಾಕಿದ್ರೆ ಅಂಗಡಿಯವರೆಲ್ಲ ಬಂದು ನನ್ ಮುಂದೆ ಕೂತ್ಕೋತಾರೆ. ಪರಿಶೀಲನೆಯಲ್ಲಿದೆ ಅಂತ ಬರ್ದು ಕಳ್ಸಿ" ಎಂದರು. ಬರೆದು ಕಳಿಸಿದೆ. ಆ ಕಡತದಲ್ಲಿ ನನ್ನ ಕೈಬರಹದಲ್ಲಿ ಅದೇ ಮಾತು ಎಷ್ಟು ಸಲ ಇದೆಯೋ!

ಅಂಗಡಿಗೆ ರಜಾ ಇರುವ ಮಂಗಳವಾರ ಅವರು ತಪ್ಪದೆ ಬರುತ್ತಿದ್ದರು. ಬೆಂಚು ತೋರಿಸಿದರೂ ಕೂರುತ್ತಿರಲಿಲ್ಲ. "ಕೂತ್ರೆ ಮರ್ತ್ಬುಡ್ತೀರ" ಎನ್ನುತ್ತಿದ್ದರು. ಒಂದು ಮಂಗಳವಾರ ನನ್ನ ಉತ್ತರದ ಕಾಗದವನ್ನು ಮೇಜಿನ ಮೇಲಿಟ್ಟರು. "ಪರಿಶೀಲನೆ ಅಂದ್ರೆ ನೋಡೋದು ತಾನೆ ಸಾರ್? ಬನ್ನಿ, ಇವತ್ತು ಸಂಜೆ ನೋಡ್ಬುಡೋಣ. ಜಯನ ಸೈಕಲ್ ರಿಪೇರಿ ಮಾಡ್ಸಿದೀನಿ."

ಯಾಕೆ ಒಪ್ಪಿದೆನೋ ಇಂದಿಗೂ ತಿಳಿಯದು. ಸಂಜೆ ಆರು ಗಂಟೆಗೆ ಜಯಾಳ ಸೈಕಲ್ ಏರಿದೆ. ಹ್ಯಾಂಡಲ್ ಇನ್ನೂ ಸ್ವಲ್ಪ ಎಡಕ್ಕೆ ಎಳೆಯುತ್ತಿತ್ತು. ಮಹದೇವಮ್ಮ ಮುಂದೆ, ಹಿಂತಿರುಗದೆಯೇ ಕೂಗಿ ಹೇಳುತ್ತಿದ್ದರು: "ನಿಂತಿರೋ ಕಾರೊಳಗೆ ತಲೆ ಕಾಣ್ತದಾ ನೋಡ್ಕೊಳಿ ಸಾರ್. ತಲೆ ಇದ್ರೆ ಬಾಗ್ಲು ತೆಗೀತಾರೆ."

ನಾನೇ ಬರೆದ ದಾರಿಯಲ್ಲಿ ನೂರು ಮಾರು ಹೋಗಿರಲಿಲ್ಲ. ಎಡಕ್ಕೊಂದು ಸಾಮಾನಿನ ವ್ಯಾನು ನಿಂತಿತ್ತು, ಅದನ್ನು ಬಳಸಿ ಹೋಗುವಷ್ಟರಲ್ಲಿ ಬಲಕ್ಕೆ ಬಸ್ಸು ಬಂತು. ಅದರ ಚಕ್ರ ನನ್ನ ಮೊಣಕೈ ಪಕ್ಕದಲ್ಲೇ ಉರುಳುತ್ತಿತ್ತು. ಮುಂದೆ ಆಟೋ, ಹಿಂದೆ ಹಾರನ್. ಮುಂದೆ ಹೋಗಲಾರೆ, ಇಳಿಯಲಾರೆ, ವಾಲಿದರೆ ಚಕ್ರದ ಕೆಳಗೆ. "ಮಹದೇವಮ್ಮಾ!" ಎಂದು ಕೂಗಿದ್ದು ನನ್ನ ದನಿಯೇ ಎಂದು ನನಗೆ ಗೊತ್ತಾಗಲಿಲ್ಲ.

"ಇಳೀಬ್ಯಾಡಿ! ಎಡಗೈಲಿ ವ್ಯಾನ್ ಹಿಡ್ಕೊಳಿ! ಅದು ಹೋಗ್ಲಿ!"

ವ್ಯಾನಿನ ಸಾಮಾನಿಗೆ ಬಿಗಿದಿದ್ದ ಹಗ್ಗ ಕೈಗೆ ಸಿಕ್ಕಿತು. ಬಸ್ಸು ಪೂರ್ತಿ ದಾಟುವವರೆಗೆ ಕಣ್ಣು ಮುಚ್ಚಿ ನಿಂತಿದ್ದೆ. ಅವರು ಸೈಕಲ್ ತಳ್ಳಿಕೊಂಡು ಹಿಂದಕ್ಕೆ ಬಂದು ನನ್ನ ಬೆರಳುಗಳನ್ನು ಹಗ್ಗದಿಂದ ಒಂದೊಂದಾಗಿ ಬಿಡಿಸಿದರು. "ಜಯಂಗೆ ಹಿಡ್ಕೊಳಕ್ಕೆ ಏನೂ ಸಿಗ್ಲಿಲ್ಲ," ಎಂದರು, ಮೆಲ್ಲಗೆ.

ಮರುದಿನ, ಕಲ್ಲಿನ ಅಂಚು ಉದ್ದಕ್ಕೂ ಬೇಕೇ ಬೇಕು ಎಂದು ಟಿಪ್ಪಣಿ ಬರೆದು ಸಹಿ ಹಾಕಿದೆ. ಮೇಲಧಿಕಾರಿ ವಾರಗಟ್ಟಲೆ ನನ್ನೊಡನೆ ಮಾತು ಬಿಟ್ಟರು. ಕೊನೆಗೆ ರಸ್ತೆಯ ಅಂಗಡಿಯವರನ್ನೂ ಅರ್ಜಿದಾರರನ್ನೂ ಸಭೆಗೆ ಕರೆದರು. ಮಹದೇವಮ್ಮ ಎದ್ದು ನಿಂತು ಜಯಾಳ ವಿಷಯ ಹೇಳುವಾಗ ಎದುರಿನ ಸಾಲಿನಲ್ಲಿ, ಅದೇ ರಸ್ತೆಯಲ್ಲಿದ್ದ ಅವರ ಹೊಲಿಗೆ ಅಂಗಡಿಯ ಯಜಮಾನರೂ ಇದ್ದರು.

ಮುಂದಿನ ಮಂಗಳವಾರ ಮಹದೇವಮ್ಮ ಬಂದವರೇ ಬೆಂಚಿನ ಮೇಲೆ ಕೂತುಬಿಟ್ಟರು. "ನನ್ ಅರ್ಜಿ ವಾಪಸ್ ಕೊಟ್ಬುಡಿ ಸಾರ್."

ಸಭೆಯ ಮರುದಿನ ಯಜಮಾನರು ಅವರನ್ನು ಕರೆಸಿದ್ದರಂತೆ, ಕೂಗಾಡಲಿಲ್ಲವಂತೆ. "ನಮ್ಮಂಗಡಿ ಮುಂದೆ ಗಿರಾಕಿ ಕಾರು ನಿಲ್ಲಬಾರ್ದು ಅನ್ನೋರು ನಮ್ಮಂಗಡೀಲಿ ಎಂಗಮ್ಮ ಇರೋದು? ನೀವೇ ಯೋಚ್ನೆ ಮಾಡಿ" ಎಂದಿದ್ದರಂತೆ. ಮಹದೇವಮ್ಮನವರ ಗಂಡ ಪಾರ್ಶ್ವವಾಯು ಹೊಡೆದು ಮನೆಯಲ್ಲಿ ಮಲಗಿದ್ದರು. ಮನೆ ನಡೆಯುತ್ತಿದ್ದದ್ದು ಇವರ ದುಡಿಮೆಯಿಂದಲೇ.

"ನಂಬರು ಬಿದ್ದ ಅರ್ಜಿ ವಾಪಸ್ ಕೊಡೋಕಾಗಲ್ಲಮ್ಮ," ಎಂದೆ. "ಬೇಡ ಅಂತ ನೀವೇ ಇನ್ನೊಂದು ಬರೆದುಕೊಡಬಹುದು." ಬಿಳಿ ಹಾಳೆ, ಪೆನ್ನು ಮುಂದಿಟ್ಟೆ.

ಅವರು ಪೆನ್ನಿನ ಮುಚ್ಚಳ ತೆಗೆದರು. ಹೊರಗೆ ಯಾರೋ ನನ್ನನ್ನು ಕರೆಯುತ್ತಿದ್ದರು. "ಜಯ ಕೇಳಿದ್ರೆ ಏನಂತ ಹೇಳ್ಲಿ ಸಾರ್?" ಎಂದರು. ಬರೆಯಬೇಡಿ ಎನ್ನಲು ನನಗೆ ಯಾವ ಮುಖವಿತ್ತು? ನನ್ನ ಸಂಬಳಕ್ಕೇನೂ ಕುತ್ತಿರಲಿಲ್ಲವಲ್ಲ. ಅವರು ಪೆನ್ನಿನ ಮುಚ್ಚಳ ಹಾಕಿ, ಖಾಲಿ ಹಾಳೆಯನ್ನು ನನ್ನ ಕಡೆ ಸರಿಸಿ ಎದ್ದು ಹೋದರು. ಆ ವಾರವೇ ಅವರ ಕೆಲಸ ಹೋಯಿತು. ಮಂಗಳವಾರಗಳು ಖಾಲಿಯಾದವು.

ವರ್ಷ ಕಳೆದ ಮೇಲೆ ಕಲ್ಲುಗಳು ಬಂದವು. ಸರ್ಕಲ್ಲಿನಿಂದ ಪೆಟ್ರೋಲ್ ಬಂಕಿನವರೆಗೆ, ಒಂದೂ ಅಂಗಡಿಯಿಲ್ಲದ, ಬರೀ ಕಾಂಪೌಂಡ್ ಗೋಡೆಗಳಿರುವ ತುಂಡಿಗೆ ಮಾತ್ರ. ಆದರೂ ನನಗೆ ಹಿಗ್ಗು. ಹೇಳಿಬರೋಣವೆಂದು ಶ್ರೀರಾಂಪುರಕ್ಕೆ ಹೋದೆ.

ಹಜಾರದಲ್ಲಿ ಹೊಲಿಗೆ ಯಂತ್ರದ ಮುಂದೆ ಮಹದೇವಮ್ಮ. ಪಕ್ಕದ ಕುರ್ಚಿಯಲ್ಲಿ ಗುಂಡಿ ಹಾಕುತ್ತಿದ್ದ ಜಯಾ. ಒಳಕೋಣೆಯಿಂದ ಗಂಡನ ಕೆಮ್ಮು. ಮಹದೇವಮ್ಮ ಪೂರ್ತಿ ಕೇಳಿಸಿಕೊಂಡರು.

"ಒಳ್ಳೇದಾಯ್ತು ಸಾರ್. ಆದ್ರೆ ಅಲ್ಲಿಗಂಟ ಹೋಗಕ್ಕೆ ಅದಕ್ ಮುಂಚಿನ ದಾರೀಲಿ ಬದುಕುಳೀಬೇಕಲ್ಲ." ಸೈಕಲ್ಲಿನ ವಿಷಯ ಕೇಳಿದೆ. "ಬುಟ್ಬುಟ್ಟೆ. ಹೆದ್ರಿಕೆ ಆಗ್ತದೆ ಕಣ್ರೀ. ನಿಮ್ಮುನ್ನ ಆವತ್ತು ಕರ್ಕೊಂಡೋದಾಗ್ಲೂ ಆಗಿತ್ತು, ಹೇಳ್ಲಿಲ್ಲ ಅಷ್ಟೆ." ಈಗ ಹೊಸಿಲು ದಾಟುವುದು ನೂಲು ತರಲು ಮಾತ್ರವಂತೆ.

ಜಯಾ ಸೂಜಿಯನ್ನು ಬಟ್ಟೆಗೆ ಚುಚ್ಚಿ ನನ್ನನ್ನೇ ನೋಡಿದಳು. "ಸಾರ್, ನನ್ ಮಗಳು ಈ ವರ್ಷ ಕಾಲೇಜು. ಅದೇ ರಸ್ತೆ. ಸೈಕಲ್ ಕೊಡ್ಸು ಅಂತ ಕುಂತವ್ಳೆ. ನೀವು ಗೊತ್ತಿರೋರು. ಕಳಿಸ್ಲಾ?"

ಯಂತ್ರದ ಪೆಡಲು ತುಳಿಯುತ್ತಿದ್ದ ಮಹದೇವಮ್ಮನವರ ಕಾಲು ನಿಂತಿತು. ನನ್ನ ನಕ್ಷೆ, ನನ್ನ ಕಲ್ಲು, ನನ್ನ ಸಹಿ.

"ಬೇಡಮ್ಮ," ಎಂದೆ. "ಬಸ್ಸಲ್ಲಿ ಕಳಿಸಿ."

ಯಂತ್ರ ಮತ್ತೆ ಓಡತೊಡಗಿತು. ಇಬ್ಬರೂ ತಲೆ ಬಗ್ಗಿಸಿ ಕೆಲಸಕ್ಕೆ ತೊಡಗಿದರು. ನಾನು ಚಪ್ಪಲಿ ಮೆಟ್ಟಿ ಹೊರಬಂದೆ.