ಡಬ್ಬಿ ಓದುವ ಚಾಚಾ

ಶಹಾಬಾದಿನ ನಮ್ಮ ಗಲ್ಲಿಯಲ್ಲಿ ಔಷಧಿ ಅಂಗಡಿ ಇಟ್ಟಿದ್ದ ಚಾಚಾನ ಕೈಯಲ್ಲಿ ಸದಾ ಭೂತಗನ್ನಡಿ. ಶಕ್ತಿಯ ಪುಡಿಯಾಗಲಿ, ವಿಟಮಿನ್ ಗುಳಿಗೆಯಾಗಲಿ, ಜನ ಈಗ ಹಲಾಲ್ ಗುರುತು ಕೇಳಿಯೇ ಕೊಳ್ಳುತ್ತಾರೆ. "ತಡೀರಿ, ನೋಡ್ತೀನಿ," ಎಂದು ಅವರು ಸಣ್ಣ ಅಕ್ಷರಗಳ ಮೇಲೆ ಬೆರಳಾಡಿಸುವರು. ಸಸ್ಯಾಹಾರಿಯಾದ ನನಗೂ ಹಾಗೇ ಓದಿ ಹೇಳುತ್ತಿದ್ದರು.

ಮೊನ್ನೆ ತಮ್ಮದೇ ಮೊಣಕಾಲಿನ ಗುಳಿಗೆ ಡಬ್ಬಿಯನ್ನು ನನ್ನತ್ತ ಚಾಚಿದರು.

"ನೀವs ಓದ್ರಿ. ಈಗ ಭೂತಗನ್ನಡಿ ಹಿಡಿದ್ರೂ ನನಗ ಅಕ್ಷರ ಕಾಣವಲ್ದು."

"ಮ್ಯಾಲಿನ ಸಿಪ್ಪಿ ಜೆಲಾಟಿನ್‌ದು ಅದ ಚಾಚಾ. ಯಾವ ಪ್ರಾಣಿದು ಅಂತ ಬರ್ದಿಲ್ಲ. ಹಲಾಲ್ ಗುರುತೂ ಇಲ್ಲ."

"ಇದರಿಂದs ಭಾಳ ಆರಾಮ ಆಗಿತ್ತು ನೋಡ್ರಿ," ಎಂದು ಡಬ್ಬಿ ಮುಚ್ಚಿ ಬದಿಗಿಟ್ಟರು.

ಅಷ್ಟರಲ್ಲಿ ಹೆಂಗಸೊಬ್ಬಳು ಪುಡಿಯ ಡಬ್ಬಿ ಎತ್ತಿಕೊಂಡು, "ಹಲಾಲ್ ಅದನ್ರಿ?" ಎಂದಳು.

ಚಾಚಾ ಮೊಣಕಾಲು ಒತ್ತಿಕೊಂಡು ಎದ್ದರು. "ತಡೀರಿ," ಎಂದು ಅದನ್ನು ನನ್ನ ಕೈಗಿತ್ತರು.