ಪಿಳಿಪಿಳಿಯ ನಂಬರು

ಆ ಬೀದಿಯಲ್ಲಿ ನಂಬರ್ ಮೇಷ್ಟ್ರು ಎಂದರೆ ಯಾವ ಶಾಲೆಯ ಮೇಷ್ಟ್ರೂ ಅಲ್ಲ, ಕನ್ನಡಕದ ಅಂಗಡಿಯವರು. ಬಂದವರು ಎಂಥ ದೊಡ್ಡ ಮನುಷ್ಯರಾದರೂ ಸರಿ, ಎತ್ತರದ ಕುರ್ಚಿಯಲ್ಲಿ ಕೂರಿಸಿ, ಮೂಗಿನ ಮೇಲೆ ಪರೀಕ್ಷೆಯ ದಪ್ಪ ಚೌಕಟ್ಟು ಏರಿಸಿ, ಎದುರಿನ ಬೆಳಕಿನ ಪೆಟ್ಟಿಗೆಯ ಮೇಲಿದ್ದ ಅಕ್ಷರಗಳನ್ನು ಒಂದನೇ ಕ್ಲಾಸಿನ ಮಕ್ಕಳ ಹಾಗೆ ಗಟ್ಟಿಯಾಗಿ ಓದಿಸುತ್ತಿದ್ದರು. ತಪ್ಪು ಓದಿದವರಿಗೆ, "ಹೆದರಬೇಡಿ, ಇಲ್ಲಿ ಯಾರನ್ನೂ ಫೇಲ್ ಮಾಡಲ್ಲ" ಎನ್ನುತ್ತಿದ್ದರು. ಒಂದು ಗಾಜು ಹಾಕಿ, ಅದನ್ನು ತೆಗೆದು, ಇನ್ನೊಂದು ಹಾಕಿ, "ಹೀಗೆ ಚೆನ್ನಾಗಿದೆಯಾ, ಹೀಗಾ?" ಎಂದು ಬೇಸರವಿಲ್ಲದೆ ಕೇಳುತ್ತಿದ್ದ ಮನುಷ್ಯ.

ಆ ತಾಳ್ಮೆಯೆಲ್ಲ ಅಂಗಡಿಯಲ್ಲೇ ಖರ್ಚಾಗಿ, ಮನೆಗೆ ಬರುವಾಗ ಕೈ ಖಾಲಿ ಇರುತ್ತಿತ್ತು. ಅವರ ಹೆಂಡತಿ ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಮಡಿಸುವ ಕೆಲಸದವಳು. "ಊರವರ ಕಣ್ಣಿಗೆಲ್ಲ ಬೆಳಕು ಕೊಡ್ತಾರೆ, ಅಡುಗೆಮನೆಗೆ ಒಂದು ಬಲ್ಬು ಹಾಕಿ ಅಂದ್ರೆ ಸಂಜೆ ಅಂತಾರೆ. ಯಾವ ವರ್ಷದ ಸಂಜೆಯೋ!" ಎಂದು ಜೊತೆಯವರನ್ನು ನಗಿಸುತ್ತಿದ್ದಳು. ದೀಪದ ಬುಡದಲ್ಲೇ ಕತ್ತಲು ಎನ್ನುವ ಮಾತನ್ನು ಆಗೆಲ್ಲ ನಗುತ್ತಲೇ ಆಡಬಹುದಾಗಿತ್ತು.

ಒಬ್ಬಳೇ ಮಗಳು. ಶಾಲೆಗೆ ಸೇರುವ ಮೊದಲೇ ಮೂಗಿನ ಮೇಲೆ ದಪ್ಪ ಗಾಜು ಏರಿತ್ತು. ಕನ್ನಡಕ ತೆಗೆದರೆ ಈಗಷ್ಟೇ ಗೂಡಿನಿಂದ ಬಿದ್ದ ಮರಿಯ ಹಾಗೆ ಕಣ್ಣು ಪಿಳಿಪಿಳಿ ಮಾಡುತ್ತಿದ್ದಳು, ಅದೇ ಅವಳ ಹೆಸರಾಯಿತು. ಆಗಾಗ ತನ್ನ ಕನ್ನಡಕವನ್ನು ಅಮ್ಮನ ಮುಖಕ್ಕೆ ಸಿಕ್ಕಿಸಿ, "ಈಗ ನಡಿ ನೋಡೋಣ" ಎಂದು ಸವಾಲು ಹಾಕುತ್ತಿದ್ದಳು. ಅಮ್ಮನಿಗೆ ನೆಲ ಹಳ್ಳದಂತೆ ಇಳಿದುಹೋಗುತ್ತಿತ್ತು, ಎದುರು ನಿಂತ ಗಂಡ ಅಂಗೈಯಷ್ಟಾಗಿ ಎಲ್ಲೋ ದೂರ ಹೋಗಿಬಿಡುತ್ತಿದ್ದರು. ಗೋಡೆ ಹಿಡಿದು ಎರಡು ಹೆಜ್ಜೆ ಇಟ್ಟು, "ಅಯ್ಯೋ, ತೆಗಿಯೇ ಮಾರಾಯ್ತಿ!" ಎಂದು ಕೂಗುವವರೆಗೂ ಅಪ್ಪ, ಮಗಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಪಿಳಿಪಿಳಿ ಬೆಳೆದು ಕೆಲಸಕ್ಕೂ ಸೇರಿದಳು. ಒಂದು ಬೆಳಿಗ್ಗೆ ಕನ್ನಡಕದ ಕಡ್ಡಿಯ ಸ್ಕ್ರೂ ಬಿದ್ದುಹೋಯಿತೆಂದು ಅಂಗಡಿಗೆ ಬಂದು, ಅದನ್ನು ಮೇಜಿನ ಮೇಲಿದ್ದ ತಟ್ಟೆಯಲ್ಲಿಟ್ಟಳು. "ಅಪ್ಪಾ, ಒಂದೇ ಒಂದು ಸ್ಕ್ರೂ." ಮೇಷ್ಟ್ರು ಗಿರಾಕಿಯೊಬ್ಬರ ಕಣ್ಣು ನೋಡುತ್ತಿದ್ದರು. "ಸಂಜೆ ಹಾಕಿಕೊಡ್ತೀನಿ, ಇವತ್ತು ಹಳೇದು ಹಾಕ್ಕೊಂಡು ಹೋಗು" ಎಂದರು. ಸಂಜೆ ಮರೆತುಹೋಯಿತು. ಮಾರನೆಯ ದಿನವೂ ಅದೇ ಮಾತು, ಅದೇ ಮರೆವು. ಅದರ ಮರುದಿನ, ಈಗಿನ ಕಣ್ಣಿಗೆ ಸಾಲದ ಹಳೆಯ ಕನ್ನಡಕ ಹಾಕಿಕೊಂಡು ರಸ್ತೆ ದಾಟುತ್ತಿದ್ದವಳಿಗೆ ಸಾಮಾನಿನ ವ್ಯಾನೊಂದು ಗುದ್ದಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಆಸ್ಪತ್ರೆ ತಲುಪುವಷ್ಟು ಉಸಿರೂ ಉಳಿಯಲಿಲ್ಲ.

ವ್ಯಾನು ಬರಬಾರದ ಕಡೆಯಿಂದ ಬಂದಿತ್ತು. ಪೊಲೀಸರು ಹಾಗೆಂದರು, ನೋಡಿದವರು ಹಾಗೆಂದರು, ಡ್ರೈವರನೇ ಅಳುತ್ತಾ ಒಪ್ಪಿಕೊಂಡ. ಹದ್ದಿನ ಕಣ್ಣಿದ್ದವರೂ ಉಳಿಯುತ್ತಿರಲಿಲ್ಲ ಎಂದು ಎಲ್ಲರೂ ಮೇಷ್ಟ್ರಿಗೆ ಹೇಳಿದರು. ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಎಂದೂ ಹೇಳಿದರು. ಹೇಳುವವರಿಗೇನು, ಅವರವರ ಮಕ್ಕಳು ಅವರವರ ಮನೆಯಲ್ಲಿದ್ದರು. ಮಗಳನ್ನು ಕಳಿಸಿಕೊಟ್ಟು ಬಂದ ಸಂಜೆ ಮೇಷ್ಟ್ರು ಯಾರಿಗೂ ಹೇಳದೆ ಅಂಗಡಿಗೆ ಹೋದರು. ಹೆಂಡತಿ ಹುಡುಕಿಕೊಂಡು ಹೋದಾಗ ತಟ್ಟೆಯಲ್ಲಿದ್ದ ಕನ್ನಡಕ ಅವರ ಕೈಯಲ್ಲಿತ್ತು. ಸ್ಕ್ರೂ ಕೂತಿತ್ತು.

"ಎರಡು ನಿಮಿಷ ಕಣೇ," ಎಂದರು. "ಎರಡೇ ನಿಮಿಷದ ಕೆಲಸ."

ಅತ್ತಿದ್ದರೆ ಚೆನ್ನಾಗಿತ್ತು. ಅವರು ಅಳಲಿಲ್ಲ. ಕೆಲವು ದಿನ ಬಿಟ್ಟು ಅಂಗಡಿ ತೆರೆದರು. ಸದ್ಯ, ಕೆಲಸದಲ್ಲಿ ಮನಸ್ಸು ಇಟ್ಟರಲ್ಲ ಎಂದು ಹೆಂಡತಿ ಉಸಿರುಬಿಟ್ಟಳು. ಮೊದಲು ಬಂದ ದೂರು ಎದುರಂಗಡಿಯ ಕ್ಷೌರಿಕನದು. "ಮೇಷ್ಟ್ರೇ, ಇದ್ಯಾವ ನಂಬರು? ಒಬ್ಬರ ಕಿವಿ ಪಕ್ಕದ ಕೃದಾ ಒಂದು ಮೇಲೆ ಒಂದು ಕೆಳಗೆ ಮಾಡಿ ಕಳಿಸಿಬಿಟ್ಟೆ!" ಎಂದು ನಗುತ್ತಾ ಬಂದಿದ್ದ. ಬೀದಿಯವರೂ ನಕ್ಕರು. ಆಮೇಲೆ ಒಬ್ಬ ದರ್ಜಿ ಬಂದ, ಇಬ್ಬರು ಗುಮಾಸ್ತರು ಬಂದರು. ಎಲ್ಲರದೂ ಒಂದೇ ಮಾತು, ತಲೆ ಸುತ್ತುತ್ತದೆ, ನೆಲ ಇಳಿಯುತ್ತದೆ. ಮೇಷ್ಟ್ರು ಎಲ್ಲರಿಗೂ, "ಅಭ್ಯಾಸ ಆಗುತ್ತೆ" ಎಂದರು.

ಒಂದು ದಿನ ಮನೆಯಲ್ಲಿ ಹೆಂಡತಿ ಕೇಳಿಯೇಬಿಟ್ಟಳು. "ಯಾಕ್ರೀ ಹೀಗೆ ಮಾಡ್ತಿದ್ದೀರಿ?"

"ಅವರೆಲ್ಲ ರಸ್ತೆಗೆ ಹೋಗ್ತಾರಲ್ಲ," ಎಂದರು ಮೇಷ್ಟ್ರು. ದನಿ ಶಾಂತವಾಗಿತ್ತು, ಅದೇ ಅವಳಿಗೆ ಭಯ ಹುಟ್ಟಿಸಿತು. "ಕುರ್ಚೀಲಿ ಕೂತು ಓದಿದ್ರೆ ಸಾಕಾ? ಹೊರಗೆ ಗಾಡಿಗಳು ಹೇಗೆ ಬರುತ್ವೆ ನೋಡಿದ್ದೀಯಾ? ಸ್ವಲ್ಪ ಜಾಸ್ತೀನೇ ಇರಲಿ. ಯಾರಿಗೂ ಕಡಿಮೆ ಬೀಳಬಾರದು."

ಒಂದು ವಾರಕ್ಕೆ ಮುದುಕರೊಬ್ಬರು ಹೊಸ ಕನ್ನಡಕ ಹಾಕಿಕೊಂಡು ಮಹಡಿ ಮೆಟ್ಟಿಲು ತಪ್ಪಿ ಬಿದ್ದು ಸೊಂಟ ಮುರಿದುಕೊಂಡರು. ಅವರ ಮಗ ಅಂಗಡಿ ಪುಡಿ ಮಾಡುವ ಆವೇಶದಲ್ಲೇ ಬಂದ. ಮೇಷ್ಟ್ರು ಅವನ ಭುಜ ಹಿಡಿದು ಕುರ್ಚಿಯಲ್ಲಿ ಕೂರಿಸಿ, "ನಿಮ್ಮ ಕಣ್ಣೂ ನೋಡಿಬಿಡ್ತೀನಿ, ರಸ್ತೆ ದಾಟಿ ಹೋಗ್ಬೇಕಲ್ಲ" ಎಂದರಂತೆ. ಅವನು ಅವರ ಮುಖವನ್ನೇ ನೋಡಿ, ಎತ್ತಿದ ಕೈ ಇಳಿಸಿ ಹೊರಟುಹೋದ.

ಹೆಂಡತಿಯ ತಮ್ಮ ಆ ಸಂಜೆಯೇ ಬಂದ. "ಅಕ್ಕಾ, ಇನ್ನು ತಡ ಮಾಡೋದು ಬೇಡ. ಅಂಗಡಿ ಮುಚ್ಚೋಣ. ಭಾವನ್ನ ಮನಸ್ಸಿನ ಆಸ್ಪತ್ರೆಗೆ ಸೇರಿಸೋಣ, ಮಾತಾಡಿಟ್ಟಿದ್ದೀನಿ. ಇವತ್ತು ಸೊಂಟ, ನಾಳೆ ಯಾರದೋ ಪ್ರಾಣ."

"ಆ ಅಂಗಡಿ ಬಿಟ್ರೆ ಅವರಲ್ಲಿ ಉಳಿದಿರೋದು ಏನೋ?" ಎಂದಳು ಅವಳು. "ನಾಳೆ ನನ್ನ ಕಣ್ಣು ತೋರಿಸ್ತೀನಿ. ನನಗೆ ಸರಿಯಾಗಿ ಮಾಡಿಕೊಟ್ರೆ ಯಾರೂ ಅಂಗಡಿಗೆ ಕೈ ಹಾಕಬಾರದು. ತಪ್ಪಿದ್ರೆ ನೀನು ಹೇಳಿದ ಹಾಗೆ" ಎಂದಳು. ತಮ್ಮನಿಗೆ ನಂಬಿಕೆ ಇರಲಿಲ್ಲ. ಅವಳಿಗಿತ್ತು. ಎಷ್ಟಾದರೂ ತಾನು ಗಿರಾಕಿಯಲ್ಲ, ಹೆಂಡತಿ. ತನ್ನ ಕಣ್ಣನ್ನು ಈ ಮನುಷ್ಯ ಇಷ್ಟು ವರ್ಷ ನೋಡಿದ್ದಾರೆ.

ಅವಳ ಕಣ್ಣಿನ ವಿಷಯ ಅವಳಿಗೂ ಗೊತ್ತು. ದೂರದ್ದೆಲ್ಲ ಸ್ವಚ್ಛ. ಸೂಜಿಗೆ ದಾರ ಪೋಣಿಸುವಾಗ ಮಾತ್ರ ತಡವರಿಕೆ. ಮಾರನೆಯ ಬೆಳಿಗ್ಗೆ ತಮ್ಮನನ್ನು ಅಂಗಡಿಯ ಹೊರಗೆ ನಿಲ್ಲಿಸಿ, ಒಳಗೆ ಹೋಗಿ ಎತ್ತರದ ಕುರ್ಚಿಯಲ್ಲಿ ಕೂತಳು.

"ಸೂಜಿ ಪೋಣಿಸೋಕೆ ಆಗ್ತಿಲ್ಲ ರೀ. ಸ್ವಲ್ಪ ನೋಡಿ."

ಮೇಷ್ಟ್ರು ಕೈ ತೊಳೆದು ಬಂದರು. ಚೌಕಟ್ಟನ್ನು ಒರೆಸಿ, ತಣ್ಣಗಿದ್ದೀತೆಂದು ಅಂಗೈಯಲ್ಲಿ ಬೆಚ್ಚಗೆ ಮಾಡಿ ಅವಳ ಮೂಗಿನ ಮೇಲಿಟ್ಟರು. ಒಂದು ಗಾಜು ಹಾಕಿದರು, ತೆಗೆದರು, ಇನ್ನೊಂದು ಹಾಕಿದರು. "ಹೀಗೆ ಚೆನ್ನಾಗಿದೆಯಾ, ಹೀಗಾ?" ಅದೇ ಹಳೆಯ ದನಿ, ಅದೇ ತಾಳ್ಮೆ. ಹತ್ತಿರದ ಅಕ್ಷರ ಓದಿಸುವಾಗ ಅವಳು ಬೇಕೆಂದೇ ಒಂದನ್ನು ತಪ್ಪು ಓದಿದಳು. "ಹೆದರಬೇಡ, ಫೇಲ್ ಮಾಡಲ್ಲ" ಎಂದರು. ಅವಳ ಕಣ್ಣು ತುಂಬಿ ಬಂತು. ಹೋದವಳು ಹೋದಳು, ಇವರಾದರೂ ಸಿಕ್ಕಿದರು ಎಂದುಕೊಂಡಳು. ಪರದೆಯ ಹಿಂದೆ ಗಾಜು ಉಜ್ಜುವ ಯಂತ್ರ ಕಿರ್ರೆಂದು ಶುರುವಾದಾಗ ಅವಳು ಬಾಗಿಲ ಕಡೆ ತಿರುಗಿ, ಪರವಾಗಿಲ್ಲ ಎನ್ನುವಂತೆ ತಮ್ಮನಿಗೆ ತಲೆಯಾಡಿಸಿದಳು. ಅವನೂ ಮೊದಲ ಸಲ ನಕ್ಕ.

ಮೇಷ್ಟ್ರು ಹೊಸ ಕನ್ನಡಕ ತಂದರು. ಕಡ್ಡಿಗಳನ್ನು ಬಿಸಿ ಮಾಡಿ ಅವಳ ಕಿವಿಯ ಹಿಂದೆ ಹಿತವಾಗಿ ಬಗ್ಗಿಸಿ ಕೂರಿಸಿದರು. ಸ್ಕ್ರೂಗಳನ್ನು ಇನ್ನೊಮ್ಮೆ ಬಿಗಿ ಮಾಡಿದರು.

ಅವಳು ಮುಚ್ಚಿದ್ದ ಕಣ್ಣು ತೆರೆದಳು.

ನೆಲ ಹಳ್ಳದಂತೆ ಇಳಿದುಹೋಯಿತು. ಎದುರು ನಿಂತ ಗಂಡ ಅಂಗೈಯಷ್ಟಾಗಿ ಎಲ್ಲೋ ದೂರ ಹೋಗಿಬಿಟ್ಟರು. ಈ ನೋಟ ಅವಳಿಗೆ ಹೊಸದಲ್ಲ. ಇದು ಪಿಳಿಪಿಳಿಯ ನಂಬರು. "ತೆಗಿಯೇ ಮಾರಾಯ್ತಿ" ಎನ್ನುವ ಮಾತು ಗಂಟಲಿನವರೆಗೆ ಬಂತು. ತೆಗೆಯಲು ಯಾರಿದ್ದಾರೆ?

"ಈಗ ಕಾಣುತ್ತಾ?" ಎಂದರು ಮೇಷ್ಟ್ರು. ಆ ದನಿಯಲ್ಲಿ ಆಸೆ ತುಂಬಿತ್ತು.

"ಕಾಣುತ್ತೆ."

"ಚೆನ್ನಾಗಿ ಕಾಣುತ್ತಾ? ದೂರದ ಗಾಡಿ ಎಲ್ಲ?"

"ಎಲ್ಲಾ ಕಾಣುತ್ತೆ ರೀ."

"ಹಾಗಾದ್ರೆ ಇನ್ನು ಭಯ ಇಲ್ಲ," ಎಂದು ಮೇಷ್ಟ್ರು ಉಸಿರುಬಿಟ್ಟರು. "ನೋಡು, ಸಂಜೆ ಅನ್ನಲಿಲ್ಲ. ಈಗಲೇ ಮಾಡಿಕೊಟ್ಟೆ."

ಅವಳು ಕುರ್ಚಿಯಿಂದ ಇಳಿದಳು. ಮೇಜು ಮುಟ್ಟಿಕೊಂಡು, ಗೋಡೆ ಮುಟ್ಟಿಕೊಂಡು ಬಾಗಿಲವರೆಗೆ ನಡೆದಳು. ಅಲ್ಲಿದ್ದ ಮೆಟ್ಟಿಲನ್ನು ಅವಳು ಎಷ್ಟೋ ಸಲ ಇಳಿದವಳು. ಈಗ ಅವಳ ಕಾಲು ಅದಕ್ಕಾಗಿ ಗಾಳಿಯಲ್ಲಿ ತಡಕಿತು. ತಮ್ಮನ ನಗು ನಿಂತುಹೋಯಿತು. ಓಡಿ ಬಂದು ಅಕ್ಕನ ಕೈ ಹಿಡಿದುಕೊಂಡ.

"ಅವಳ ಕೈ ಬಿಡಪ್ಪಾ," ಎಂದು ಒಳಗಿನಿಂದ ಮೇಷ್ಟ್ರು ಕೂಗಿದರು. "ಇನ್ನು ಒಬ್ಬಳೇ ಹೋಗ್ತಾಳೆ. ಈಗ ಚೆನ್ನಾಗಿ ಕಾಣುತ್ತೆ ಅವಳಿಗೆ."

ತಮ್ಮ ಇನ್ನೊಂದು ಕೈಯಿಂದ ಜೇಬಿನಲ್ಲಿದ್ದ ಫೋನು ತೆಗೆದ. ಅವಳು ತಡೆಯಲಿಲ್ಲ. ಅಂಗಡಿಯ ಕಡೆಗೊಮ್ಮೆ ತಿರುಗಿದಳು, ಆದರೆ ಕನ್ನಡಕ ತೆಗೆಯಲಿಲ್ಲ. ತೆಗೆದಿದ್ದರೆ ಅಲ್ಲಿ ನಿಂತು ನಗುತ್ತಿದ್ದ ಮುಖ ಸ್ಪಷ್ಟವಾಗಿ ಕಂಡುಬಿಡುತ್ತಿತ್ತು.